ಕರಡಿಯ ಊರಿನಲ್ಲಿ ಮೂರು ರಾತ್ರಿ

'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಮಾತು ಕೇಳಿಬರದ ಕನ್ನಡದ ಮನೆ ವಿರಳ. ಆ ಗಾದೆಯಲ್ಲಿರುವುದು ಕರಡಿಯಲ್ಲ, ಕರಡೆ ಎಂಬ ವಾದ್ಯ; ಪೂಜೆಯಲ್ಲಿ ಕರಡೆ ಬಾರಿಸುವುದನ್ನು ಬಿಟ್ಟರು ಎಂಬುದೇ ಜನರ ಬಾಯಲ್ಲಿ ಕರಡಿಯಾಯಿತು ಎಂದು ಬಲ್ಲವರು ವಿವರಿಸುವುದುಂಟು. ಮೂಲ ಯಾವುದೇ ಇರಲಿ, ಕರಡಿಯೆಂದರೆ ಕರೆಯದೆ ಬಂದು ಎಲ್ಲವನ್ನೂ ಕೆಡಿಸುವ ಪ್ರಾಣಿ ಎಂಬ ಭಾವನೆ ನಮ್ಮ ನುಡಿಯಲ್ಲಿಯೇ ನೆಲೆನಿಂತುಬಿಟ್ಟಿದೆ. ಕರಡಿಯ ಮನೆಗೆ ಕರೆಯದೆ ಹೋಗುವವರು ನಾವೇ ಆಗಿರಬಹುದೆಂಬ ಯೋಚನೆ ಮಾತ್ರ ನಮಗೆ ಬರುವುದು ಅಪರೂಪ.

ಐವತ್ತು ದಾಟಿದ ಓದುಗರಿಗೆ ಇನ್ನೊಂದು ಚಿತ್ರವೂ ನೆನಪಿರಬಹುದು. ಸುಗ್ಗಿ ಮುಗಿದ ದಿನಗಳಲ್ಲಿ ಖಲಂದರನು ಕರಡಿಯನ್ನು ಊರೊಳಗೆ ತರುತ್ತಿದ್ದನು. ಡಮರುವಿನ ಸಪ್ಪಳಕ್ಕೆ ಮಕ್ಕಳೆಲ್ಲ ಅಗಸೆಯ ಬಳಿ ಓಡುತ್ತಿದ್ದೆವು. ಮಕ್ಕಳಿಗೆ ಅಂಜಿಕೆ ಹೋಗಲೆಂದು ತಾಯಂದಿರು ಕರಡಿಯ ಕೂದಲನ್ನು ತಾಯತದಲ್ಲಿ ಹಾಕಿಸುತ್ತಿದ್ದರು. ಅದರ ಮೂಗಿನಲ್ಲಿ ರಂಧ್ರ ಕೊರೆದು ಹಗ್ಗ ಪೋಣಿಸಿದ್ದು ನಮಗೆ ಆಗ ಕಾಣುತ್ತಿರಲಿಲ್ಲವೆಂದಲ್ಲ. ಎತ್ತಿಗೂ ಮೂಗುದಾರವಿರುತ್ತದಲ್ಲ ಎಂದು ಸುಮ್ಮನಿರುತ್ತಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೂ ಈ ಆಟ ಬಹುಕಾಲ ನಡೆದೇ ಇತ್ತು. ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಹೇಳಲಾದುದು 2009ರಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರವನ್ನು ಸೇರಿತು. ಖಲಂದರರ ಸಂಸಾರಗಳಿಗೆ ಬೇರೆ ಜೀವನೋಪಾಯ ಕಲ್ಪಿಸುವ ಪ್ರಯತ್ನವೂ ಜೊತೆಯಲ್ಲಿಯೇ ನಡೆಯಿತೆಂಬುದು ಸಮಾಧಾನದ ಸಂಗತಿ.

ಹೀಗೆ ಹಗ್ಗದ ತುದಿಯಲ್ಲಿ ಕರಡಿಯನ್ನು ಕಂಡು ಬೆಳೆದ ನಾವು ದಂಪತಿಗಳು 2023ರ ಜುಲೈ ತಿಂಗಳ ನಡುವಿನಲ್ಲಿ, ಅಮೆರಿಕದಲ್ಲಿ ನೆಲೆಸಿರುವ ಮಗಳು ಅಳಿಯಂದಿರೊಡನೆ, ಅಲಾಸ್ಕಾ ರಾಜ್ಯದ ಕಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ ಮೂರು ರಾತ್ರಿ ತಂಗಿದ್ದೆವು. ಕಾಶಿ, ಕೇದಾರ, ಶ್ರೀಶೈಲಗಳ ವಿಷಯವನ್ನು ಓದಿದ ಈ ಪುಟದಲ್ಲಿ ಇದೇನು ವಿಚಿತ್ರ ಯಾತ್ರೆಯೆಂದು ಕೆಲವರಿಗೆ ಅನ್ನಿಸಬಹುದು. ನಮಗೂ ಹೊರಡುವ ತನಕ ಹಾಗೆಯೇ ಅನ್ನಿಸುತ್ತಿತ್ತು.

ದಾರಿಯ ವರ್ಣನೆಯನ್ನು ಬೆಳೆಸುವುದಿಲ್ಲ. ಅಲಾಸ್ಕಾ ನಮ್ಮ ಕರ್ನಾಟಕದ ಸುಮಾರು ಒಂಬತ್ತು ಪಟ್ಟು ದೊಡ್ಡದು. ಅದರ ನೈರುತ್ಯ ಮೂಲೆಯಲ್ಲಿರುವ ಕಟ್ಮೈ ಉದ್ಯಾನ ಒಂದೇ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಆಂಕರೇಜ್ ನಗರದಿಂದ ವಿಮಾನದಲ್ಲಿ ಕಿಂಗ್ ಸಾಮನ್ ಎಂಬ ಸಣ್ಣ ಊರಿಗೆ, ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ನಾಕ್ನೆಕ್ ಸರೋವರದ ದಂಡೆಗೆ. ಹೊರಗಿನಿಂದ ಅಲ್ಲಿಗೆ ಹೋಗುವ ರಸ್ತೆಯೆಂಬುದೇ ಇಲ್ಲ. 1912ರ ಜೂನ್ 6ರಂದು ಇಲ್ಲಿ ನೊವರುಪ್ತ ಎಂಬ ಅಗ್ನಿಪರ್ವತ ಸಿಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಜಗತ್ತು ಕಂಡ ಅತಿ ದೊಡ್ಡ ಸ್ಫೋಟವದು. ಆ ಬೂದಿಯ ಕಣಿವೆಯನ್ನು ಕಾಪಾಡಲೆಂದು 1918ರಲ್ಲಿ ಈ ನೆಲವನ್ನು ರಕ್ಷಿತವೆಂದು ಸಾರಿದರು. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬೂದಿಗಾಗಿ ಉಳಿಸಿದ ನೆಲದಲ್ಲಿ ಇಂದು ಸುಮಾರು 2200 ಕಂದು ಕರಡಿಗಳಿವೆಯೆಂದು ಅಂದಾಜು.

ಲಾಡ್ಜ್ ಎಂದೊಡನೆ ನಮ್ಮಲ್ಲಿ ಬಸ್ ನಿಲ್ದಾಣದ ಎದುರಿನ ಮೂರಂತಸ್ತಿನ ಕಟ್ಟಡ ಕಣ್ಮುಂದೆ ಬರುತ್ತದೆ. ಇಲ್ಲಿಯದು ಹಾಗಲ್ಲ. ಬ್ರೂಕ್ಸ್ ಲಾಡ್ಜ್ ಎಂಬ ಈ ತಂಗುದಾಣವನ್ನು 1950ರಲ್ಲಿ ರೇ ಪೀಟರ್‌ಸನ್ ಎಂಬ ವಿಮಾನ ಚಾಲಕರು ಮೀನು ಹಿಡಿಯುವ ಹವ್ಯಾಸಿಗಳಿಗಾಗಿ ಆರಂಭಿಸಿದರು. ಹದಿನಾರು ಮರದ ಮನೆಗಳು, ನಡುವೆ ಊಟದ ಒಂದು ದೊಡ್ಡ ಮನೆ, ಅದರಲ್ಲಿ ದುಂಡನೆಯ ಕಲ್ಲಿನ ಅಗ್ಗಿಷ್ಟಿಕೆ. ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ದೂರದರ್ಶನವಿಲ್ಲ, ದೂರವಾಣಿಯಿಲ್ಲ. ಇಷ್ಟಕ್ಕೇ ಒಂದೂವರೆ ವರ್ಷ ಮೊದಲು ಅರ್ಜಿ ಹಾಕಬೇಕು, ಚೀಟಿ ಎತ್ತಿದಾಗ ಹೆಸರು ಬರಬೇಕು. ಖರ್ಚಂತೂ ಮಧ್ಯಮ ವರ್ಗದ ಸಂಸಾರ ನಾಲ್ಕು ಸಲ ಯೋಚಿಸಬೇಕಾದಷ್ಟು. ಅಳಿಯಂದಿರು ಮೊತ್ತವನ್ನು ಕೊನೆಯವರೆಗೂ ನಮಗೆ ತಿಳಿಸಲಿಲ್ಲ, ನಾವೂ ಒತ್ತಾಯಿಸಿ ಕೇಳಲಿಲ್ಲ.

ವಿಮಾನದಿಂದ ಇಳಿದವರು ಕೋಣೆಗೆ ಹೋಗುವಂತಿಲ್ಲ. ಮೊದಲು ಪಾಠ. ಎಂಬತ್ತರ ಅಜ್ಜನಿರಲಿ, ಎಂಟರ ಬಾಲಕನಿರಲಿ, ಎಲ್ಲರೂ ಕುಳಿತು ಉದ್ಯಾನದ ರೇಂಜರ್ ಹೇಳುವುದನ್ನು ಕೇಳಬೇಕು. ಕೇಳಿದವರಿಗೆ ಅಂಗಿಗೆ ಚುಚ್ಚಿಕೊಳ್ಳಲು ಒಂದು ಚಿಕ್ಕ ಬಿಲ್ಲೆ ಕೊಡುತ್ತಾರೆ. ಕರಡಿಗೂ ನಮಗೂ ನಡುವೆ 50 ಗಜ ಅಂತರವಿರಬೇಕು. ಅದು ದಾರಿಯಲ್ಲಿ ಬಂದರೆ ದಾರಿ ಅದರದು. ನಾವು ಬದಿಗೆ ಸರಿಯಬೇಕು, ಹಿಂದಕ್ಕೆ ಹೋಗಬೇಕು, ಆದರೆ ಎಂದಿಗೂ ಓಡಬಾರದು. ಮರಗಳ ನಡುವೆ ನಡೆಯುವಾಗ ಚಪ್ಪಾಳೆ ತಟ್ಟುತ್ತ, 'ಹೇ ಬೇರ್' ಎಂದು ಕೂಗುತ್ತ ನಡೆಯಬೇಕು. ಸದ್ದಿಲ್ಲದೆ ಎದುರಾಗುವುದೇ ಅಪಾಯ. ನಮ್ಮ ಮನೆಯವರು ಎರಡನೆಯ ದಿನದಿಂದ 'ಕರಡೆಪ್ಪಾ, ಬಂದೀವಿ ನೋಡಪಾ' ಎಂದು ಕನ್ನಡದಲ್ಲಿಯೇ ಕೂಗತೊಡಗಿದರು. ಅಲ್ಲಿಯ ಕರಡಿಗಳಿಗೆ ಭಾಷೆಯ ಭೇದವಿದ್ದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಅನ್ನದ ನಿಯಮ. ಪ್ರಯಾಣಕ್ಕೆಂದು ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ನಾಲ್ಕು ಕರದಂಟಿನ ಉಂಡೆ ಒಯ್ದಿದ್ದೆವು. ಆ ಗಂಟು ದಂಡೆಯಿಂದಲೇ ನೇರವಾಗಿ ಆಹಾರ ಭದ್ರವಾಗಿಡುವ ಮನೆಗೆ ಹೋಯಿತು. ಕಟ್ಟಡದೊಳಗೆ, ಇಲ್ಲವೆ ವಿದ್ಯುತ್ ಬೇಲಿ ಹಾಕಿದ ಜಾಗದಲ್ಲಿ ಮಾತ್ರ ತಿನ್ನಬೇಕು. ದಾರಿಯಲ್ಲಿ ನೀರಿನ ಹೊರತು ಏನನ್ನೂ ಕುಡಿಯುವಂತಿಲ್ಲ. ಜೇಬಿನಲ್ಲಿ ಒಂದು ಪೆಪ್ಪರಮಿಂಟೂ ಇರಬಾರದು. ಊಟದ ಮನೆಯಲ್ಲಿ ಮೀನು ಮಾಂಸಗಳ ನಡುವೆ ನಮಗೆ ಬೇಕಾದ ಬ್ರೆಡ್ಡು, ಆಲೂಗಡ್ಡೆ, ಕಾಯಿಪಲ್ಲೆ, ಹಣ್ಣು ದೊರೆಯುತ್ತಿದ್ದುದರಿಂದ ತೊಂದರೆಯೇನೂ ಆಗಲಿಲ್ಲ. ಪ್ರಾಣಿದಯೆಯನ್ನು ಮನೆಯ ಸಂಸ್ಕಾರವಾಗಿ ಪಡೆದು ಬೆಳೆದವರಿಗೆ ಕಷ್ಟವೆನಿಸುವುದು ಬೇರೊಂದು. ಹಸಿದ ಪ್ರಾಣಿಗೆ ಒಂದು ತುತ್ತು ಹಾಕುವುದು ಪುಣ್ಯವೆಂದು ನಾವು ಕಲಿತಿದ್ದೇವೆ. ಇಲ್ಲಿ ಅದೇ ದೊಡ್ಡ ಅಪರಾಧ.

ಅದಕ್ಕೆ ಕಾರಣವಿದೆ. ಅಮೆರಿಕದವರೂ ಒಂದು ಕಾಲಕ್ಕೆ ಕರಡಿಗಳಿಗೆ ಉಣಿಸಿ ನೋಡಿದವರೇ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಹೋಟೆಲುಗಳ ಎಂಜಲನ್ನು ಒಂದೆಡೆ ಸುರಿದು, ಸುತ್ತ ಮರದ ಹಲಗೆಯ ಆಸನಗಳನ್ನು ಕಟ್ಟಿ, ಸಂಜೆಯ ಹೊತ್ತು ಜನರನ್ನು ಕೂರಿಸಿ ಕರಡಿಗಳ ಊಟವನ್ನು ನಾಟಕದಂತೆ ತೋರಿಸುತ್ತಿದ್ದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆ ಪ್ರದರ್ಶನ ನಿಂತಿತು. ಕಸದ ತಿಪ್ಪೆಗಳನ್ನು ಪೂರ್ಣವಾಗಿ ಮುಚ್ಚುವ ಹೊತ್ತಿಗೆ 1970 ಬಂದಿತ್ತು. ಅಷ್ಟರಲ್ಲಿ ಎಂಜಲಿನ ರುಚಿ ಹತ್ತಿದ ಕರಡಿಗಳು ಡೇರೆಗಳನ್ನು ಹರಿದು, ಮನುಷ್ಯರನ್ನು ಗಾಯಗೊಳಿಸಿ, ಕೊನೆಗೆ ಗುಂಡಿಗೆ ಬಲಿಯಾದವು. ಉಣಿಸಿದ ಕರಡಿ ಸತ್ತ ಕರಡಿ ಎಂಬ ಮಾತು ಆ ದೇಶದಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ತುತ್ತು ಹಾಕಿದ ಕೈ ಬೇರೆ, ಗುಂಡು ಹಾರಿಸಬೇಕಾದ ಕೈ ಬೇರೆ. ಮೊದಲನೆಯವನಿಗೆ ಎರಡನೆಯವನ ಸಂಕಟ ಗೊತ್ತೇ ಆಗುವುದಿಲ್ಲ.

ಇದನ್ನು ಕೇಳುತ್ತಿದ್ದಾಗ ನಮಗೆ ನಮ್ಮ ದರೋಜಿ ನೆನಪಾಯಿತು. ಹಂಪಿಯ ಸಮೀಪದ ಆ ಕರಡಿಧಾಮ ಸ್ಥಾಪನೆಯಾದದ್ದು 1994ರಲ್ಲಿ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ, ಅದರ ವಾಸನೆಗೆ ಗುಡ್ಡದಿಂದ ಇಳಿದುಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ಬೆಳೆದುಬಂತು. ಬೆನ್ನ ಮೇಲೆ ಮರಿಗಳನ್ನು ಹೊತ್ತು ಬರುವ ತಾಯಿಕರಡಿಯನ್ನು ಅಲ್ಲಿ ಕಂಡವರು ಆ ಸಂಜೆಯನ್ನು ಮರೆಯಲಾರರು. ಗೆದ್ದಲು, ಇರುವೆ, ಕಾರೆ, ಬಾರೆ, ಜೇನುಗಳನ್ನು ನಂಬಿದ ನಮ್ಮ ಕರಡಿಯ ಸ್ವಭಾವವೂ ನೆಲೆಯೂ ಬೇರೆ. ಸುತ್ತಲೂ ಹೊಲಗಳಿರುವ ಆ ಕುರುಚಲು ಗುಡ್ಡವನ್ನು ಅಲಾಸ್ಕಾದೊಡನೆ ತೂಗುವುದು ನ್ಯಾಯವಲ್ಲ. ದರೋಜಿಯಿಂದಾಗಿ ಬಳ್ಳಾರಿ ಸೀಮೆಯ ಜನರಿಗೆ ಕರಡಿಯ ಮೇಲೆ ಅಭಿಮಾನ ಹುಟ್ಟಿತೆಂಬುದೂ ನಿಜ. ಆದರೂ ಬೆಲ್ಲದ ವಾಸನೆಗೆ ಬಂದದ್ದು ಕರಡಿಯ ಇಚ್ಛೆಯೋ ನಮ್ಮ ಇಚ್ಛೆಯೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ. ಹಗ್ಗ ಮೂಗಿನಲ್ಲಿಯೇ ಇರಬೇಕೆಂದಿಲ್ಲ, ನಾಲಗೆಯಲ್ಲಿಯೂ ಇರಬಹುದು.

ಬ್ರೂಕ್ಸ್ ನದಿಯ ಉದ್ದ ಎರಡೂವರೆ ಕಿಲೋಮೀಟರಿಗೂ ಕಡಿಮೆ. ಒಂದು ಸರೋವರದಿಂದ ಇನ್ನೊಂದಕ್ಕೆ ಹರಿಯುವ ಕೊಂಡಿಯಷ್ಟೇ. ನಡುವೆ ಆಳೆತ್ತರದ ಒಂದು ಜಲಪಾತ. ಗೋಕಾಕವನ್ನು ಕಂಡವರಿಗೆ ಅದು ಜಲಪಾತವೆಂದೇ ತೋರದು. ಸಮುದ್ರದಿಂದ ಮೊಟ್ಟೆಯಿಡಲು ತಾವು ಹುಟ್ಟಿದ ನೀರಿಗೆ ಮರಳುವ ಸಾಕೈ ಸಾಮನ್ ಮೀನುಗಳು ಜೂನ್ ಕೊನೆಯಿಂದ ಜುಲೈ ಮುಗಿಯುವ ತನಕ ಇಲ್ಲಿ ಮೇಲಕ್ಕೆ ನೆಗೆಯುತ್ತವೆ. ಆಗ ಕರಡಿಗಳು ಬಂದು ಸಾಲಾಗಿ ನಿಲ್ಲುತ್ತವೆ. ಲಾಡ್ಜಿನಿಂದ ಎರಡು ಕಿಲೋಮೀಟರ್ ನಡೆದು, ನೆಲದಿಂದ ಎತ್ತರದಲ್ಲಿ ಕಟ್ಟಿದ ಮರದ ಅಟ್ಟಣಿಗೆಯ ಮೇಲೆ ನಿಂತು ನೋಡಬೇಕು. ಒಮ್ಮೆಗೆ ನಲವತ್ತು ಜನರಿಗಷ್ಟೇ ಸ್ಥಳ. ಜನದಟ್ಟಣೆಯ ಜುಲೈಯಲ್ಲಿ ಹೆಸರು ಬರೆಸಿ ಕಾಯಬೇಕು, ಒಂದು ಗಂಟೆಯಾದೊಡನೆ ಇಳಿಯಬೇಕು. ಮಂತ್ರಿಯಾದರೂ ಅಷ್ಟೆ, ಮಾಣಿಯಾದರೂ ಅಷ್ಟೆ. ನಮ್ಮ ದೇವಸ್ಥಾನಗಳ ವಿಶೇಷ ದರ್ಶನದ ಸಾಲು ಇಲ್ಲಿಲ್ಲ.

ಆ ಒಂದು ಗಂಟೆಯಲ್ಲಿ ಕಂಡದ್ದನ್ನು ಹೇಗೆ ಬರೆಯುವುದು? ದೊಡ್ಡ ಗಂಡು ಕರಡಿಗಳು ಬೇಸಿಗೆಯ ನಡುವೆಯೇ ಮುನ್ನೂರು ನಾನ್ನೂರು ಕಿಲೋ ತೂಗುತ್ತವೆ. ಜಲಪಾತದ ಅಂಚಿನಲ್ಲಿ ನಿಂತು ಬಾಯಿ ತೆರೆದು, ಮೀನು ತಾನಾಗಿ ಬಂದು ಬಾಯಿಗೆ ಬೀಳುವ ತನಕ ಅಲುಗದೆ ಕಾಯುವುದು ಒಂದು ರೀತಿ. ಕೆಳಗಿನ ನೊರೆಯ ಮಡುವಿನಲ್ಲಿ ಸ್ನಾನಕ್ಕೆ ಕುಳಿತಂತೆ ಕುಳಿತು ಕಾಲಿನಿಂದ ತಡವುವುದು ಇನ್ನೊಂದು ರೀತಿ. ಒಳ್ಳೆಯ ಸ್ಥಳ ಬಲಿಷ್ಠನದು. ಎಳೆಯ ಕರಡಿಗಳು ಬೆದರಿ ಕೆಳಗೆ ನಿಂತು, ತೇಲಿ ಬಂದ ತುಣುಕುಗಳನ್ನು ಹೆಕ್ಕುತ್ತವೆ. ಮೀನು ಹೇರಳವಾಗಿದ್ದಾಗ ಬಲ್ಲ ಕರಡಿ ಇಡೀ ಮೀನನ್ನು ತಿನ್ನುವುದಿಲ್ಲ. ಕೊಬ್ಬು ಹೆಚ್ಚಿರುವ ಚರ್ಮ, ಮೊಟ್ಟೆ, ಮಿದುಳುಗಳನ್ನಷ್ಟೇ ತಿಂದು ಬಿಟ್ಟುಬಿಡುತ್ತದೆ. ಉಳಿದದ್ದು ಸಮುದ್ರಹಕ್ಕಿಗಳಿಗೆ. ಇದು ಹೊಟ್ಟೆಬಾಕತನವೆಂದು ಮೊದಲು ಅನ್ನಿಸಿತು. ಚಳಿಗಾಲದಲ್ಲಿ ಗುಹೆ ಸೇರಿದ ಮೇಲೆ ತಿಂಗಳುಗಟ್ಟಲೆ ಅನ್ನ ನೀರಿಲ್ಲ, ಮೈತೂಕದ ಮೂರನೆಯ ಒಂದು ಭಾಗದಷ್ಟು ಕರಗಬಹುದು, ಅರ್ಧ ಕಿಲೋದ ಮರಿಗಳನ್ನು ಹೆತ್ತು ತಾಯಿಯಾದವಳು ಆ ಉಪವಾಸದಲ್ಲಿಯೇ ಹಾಲೂಡಿಸಬೇಕು ಎಂದು ತಿಳಿದ ಮೇಲೆ ಆ ಭಾವನೆ ಹೋಯಿತು. ರೈತನ ಹಗೇವು ನೆಲದಲ್ಲಿದ್ದರೆ ಕರಡಿಯ ಹಗೇವು ಅದರ ಮೈಯಲ್ಲಿದೆ.

ಓಟಿಸ್ ಎಂದು ಜನ ಕರೆಯುವ ಒಂದು ಮುದಿ ಕರಡಿಯ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಹಲ್ಲುಗಳು ಸವೆದು, ಕೆಲವು ಉದುರಿಹೋಗಿದ್ದರೂ, ಜಗಳಕ್ಕೆ ಹೋಗದೆ, ತನ್ನ ಮೂಲೆಯಲ್ಲಿ ತಾಸುಗಟ್ಟಲೆ ಕುಳಿತು ಕಾಯುವುದೇ ಅದರ ವಿದ್ಯೆ. ಯಾವ ಕರಡಿ ಚಳಿಗಾಲಕ್ಕೆ ಚೆನ್ನಾಗಿ ಮೈದುಂಬಿದೆಯೆಂದು ಉದ್ಯಾನದವರು 2014ರಿಂದ ಜನರ ಮತ ಕೇಳುತ್ತಾರೆ. ಓಟಿಸ್ ಅದರಲ್ಲಿ ನಾಲ್ಕು ಸಲ ಗೆದ್ದಿತ್ತು. ನಾವಿದ್ದ ದಿನಗಳಲ್ಲಿ ಅದಿನ್ನೂ ನದಿಗೆ ಬಂದಿರಲಿಲ್ಲ. ಎಲ್ಲಿ ಹೋಯಿತೋ ಎಂದು ರೇಂಜರುಗಳು ಆತಂಕದಿಂದಿದ್ದರು. ನಾವು ಮರಳಿದ ಮೇಲೆ ಆ ತಿಂಗಳ ಕೊನೆಯಲ್ಲಿ ಬಡಕಲಾಗಿ ಬಂದಿತಂತೆ. 2024ರಲ್ಲಿ ಬರಲಿಲ್ಲ.

ಅದೇ 2024ರ ಜುಲೈಯಲ್ಲಿ ಆ ಜಲಪಾತದಲ್ಲಿ ನಡೆದ ಒಂದು ಘಟನೆ ನಮ್ಮ ಮನೆಯಲ್ಲಿ ಬಹಳ ದಿನ ಚರ್ಚೆಯ ವಿಷಯವಾಗಿತ್ತು. ನದಿಯ ಬಳಿ 2012ರಿಂದ ಕ್ಯಾಮೆರಾಗಳಿವೆ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ಕಾಸಿಲ್ಲದೆ ನೋಡಬಹುದು. ಗ್ರೇಜರ್ ಎಂಬ ತಾಯಿಕರಡಿಯ ಎರಡು ಹಸುಮರಿಗಳು ನೀರಿನ ಸೆಳವಿಗೆ ಸಿಕ್ಕು ಜಲಪಾತದಿಂದ ಕೆಳಗೆ ಬಿದ್ದವು. ಕೆಳಗಿದ್ದ ಚಂಕ್ ಎಂಬ ಭಾರಿ ಗಂಡು ಕರಡಿ ಅವುಗಳ ಮೇಲೆ ಎರಗಿತು. ತಾಯಿ ತನಗಿಂತ ಎಷ್ಟೋ ದೊಡ್ಡದಾದ ಆ ಗಂಡಿನ ಮೇಲೆ ಬಿದ್ದು ಕಾದಾಡಿದಳು. ಒಂದು ಮರಿ ಉಳಿಯಿತು, ಗಾಯಗೊಂಡ ಇನ್ನೊಂದು ಸತ್ತಿತು. ಸಾವಿರಾರು ಜನ ನೋಡುತ್ತಿದ್ದರು. ಉದ್ಯಾನದ ಯಾರೂ ನಡುವೆ ಬರಲಿಲ್ಲ, ಬರುವುದು ಅವರ ನಿಯಮವೂ ಅಲ್ಲ.

'ಒಂದು ಕಲ್ಲಾದರೂ ಬೀಸಬಾರದಾಗಿತ್ತೆ?' ಎಂದು ನಮ್ಮ ಮನೆಯವರು ಕೇಳಿದರು. ಮಗಳು ದೂರವಾಣಿಯಲ್ಲಿ ನಿಯಮಗಳನ್ನು ವಿವರಿಸಿದಳು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ನಮಗೆ ತೋರುವುದಿಷ್ಟು: ಮರಿಯನ್ನು ಉಳಿಸಲು ಇಂದು ಕಲ್ಲು ಬೀಸಿದ ಕೈ ನಾಳೆ ಮೀನನ್ನು ಉಳಿಸಲೂ ಏಳಬೇಕಾಗುತ್ತದೆ, ನಾಡಿದ್ದು ಸೋತ ಗಂಡು ಹಸಿದಿದೆಯೆಂದು ಅದಕ್ಕೂ ಉಣಿಸಬೇಕಾಗುತ್ತದೆ. ಹಾಗೆ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ನದಿಯಲ್ಲ, ಸರ್ಕಸ್ಸಿನ ಕಣ. ಮನುಷ್ಯ ಮಾಡಿದ ಗಾಯವನ್ನು ಮನುಷ್ಯ ವಾಸಿಮಾಡಬೇಕು, ಬನ್ನೇರುಘಟ್ಟದಲ್ಲಿ ಮಾಡಿದ್ದು ಅದನ್ನೇ. ತಾಯಿ ಗಂಡುಗಳ ನಡುವಿನ ಈ ಹಳೆಯ ವ್ಯಾಜ್ಯದಲ್ಲಿ ನಮಗೆ ಪಂಚರ ಪೀಠವಿಲ್ಲ. ಇದನ್ನು ಬರೆಯುವುದು ಸುಲಭ. ಆ ಚಿತ್ರವನ್ನು ನೋಡಿದ ತಾಯಿಯೊಬ್ಬಳ ಎದುರು ಕುಳಿತು ಹೇಳುವುದು ಸುಲಭವಲ್ಲ. ಅದೇ ಶರತ್ಕಾಲದ ಮತದಾನದಲ್ಲಿ ಗ್ರೇಜರ್ ಚಂಕನನ್ನೇ ಸೋಲಿಸಿದಳು. ಮರುವರ್ಷ, 2025ರಲ್ಲಿ, ದವಡೆ ಮುರಿದುಕೊಂಡು ಬಂದ ಚಂಕ್ ಗೆದ್ದನು. ಜನರ ಮನಸ್ಸು ಹೀಗೆ. ಮೊದಲ ವರ್ಷ ತಾಯಿಗೆ ಮರುಗಿದವರೇ ಮರುವರ್ಷ ಅವನ ನೋವಿಗೂ ಮರುಗಿದರೇನೋ.

ಹತ್ತಿರ ಹೋಗುವ ಪ್ರೀತಿಯ ಅಪಾಯಕ್ಕೂ ಇದೇ ಉದ್ಯಾನದಲ್ಲಿ ಸಾಕ್ಷಿಯಿದೆ. ಟಿಮೊತಿ ಟ್ರೆಡ್‌ವೆಲ್ ಎಂಬವರು ಹದಿಮೂರು ಬೇಸಿಗೆಗಳನ್ನು ಇಲ್ಲಿಯ ಕಡಲತೀರದ ಕರಡಿಗಳ ನಡುವೆ ಕಳೆದರು. ಅವುಗಳಿಗೆ ಹೆಸರಿಟ್ಟು ಮಾತನಾಡಿಸಿ, ಮುಟ್ಟುವಷ್ಟು ಸಮೀಪಕ್ಕೆ ಹೋಗುತ್ತಿದ್ದರು. 2003ರ ಅಕ್ಟೋಬರಿನಲ್ಲಿ ಅವರೂ ಅವರ ಸಂಗಾತಿಯೂ ಕರಡಿಗೆ ಬಲಿಯಾದರು. ಅವರ ದೇಹಗಳನ್ನು ತರಲು ಹೋದವರು ಎರಡು ಕರಡಿಗಳನ್ನು ಕೊಲ್ಲಬೇಕಾಯಿತು. ಆ ಮನುಷ್ಯನ ಪ್ರೀತಿ ಕಪಟವೆಂದು ನಾವು ಹೇಳಲಾರೆವು. ಆದರೆ ಕರಡಿ ಆ ಪ್ರೀತಿಯನ್ನು ಕೇಳಿರಲಿಲ್ಲ.

ನದಿಯ ದಂಡೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷಗಳಿಂದ ಮನುಷ್ಯರು ಬಾಳಿದ ಕುರುಹುಗಳಿವೆ. ನೆಲವನ್ನು ಅಗೆದು ಕಟ್ಟಿದ ಹಳೆಯ ಮನೆಯೊಂದನ್ನು ಮರಳಿ ಕಟ್ಟಿ ತೋರಿಸಿದ್ದಾರೆ. ಅಲ್ಲಿದ್ದವರೂ ಇದೇ ಮೀನಿಗಾಗಿ ಇದೇ ಕರಡಿಗಳ ಪೂರ್ವಜರೊಡನೆ ನದಿ ಹಂಚಿಕೊಂಡವರು. ಅವರಿಗೆ ಅಟ್ಟಣಿಗೆಯಿರಲಿಲ್ಲ, ಬಿಲ್ಲೆಯಿರಲಿಲ್ಲ. ಆ ಮನೆಯ ಬಾಗಿಲ ಕಿರಿದನ್ನು ಕಂಡು ನಾವು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆವು.

ರಾತ್ರಿ ಹನ್ನೊಂದರ ತನಕವೂ ಬೆಳಕಿರುತ್ತಿದ್ದ ಆ ನಾಡಿನಲ್ಲಿ ನಿದ್ರೆ ಬೇಗ ಬರುತ್ತಿರಲಿಲ್ಲ. ಸೊಳ್ಳೆಗಳ ಕಾಟ ಬೇರೆ. ಎರಡನೆಯ ರಾತ್ರಿ ಕಿಟಕಿಯ ಆಚೆ ಯಾರೋ ದಣಿದ ಹಿರಿಯರು ನಡೆದುಹೋದಂತೆ ಉಸಿರಿನ ಸದ್ದು ಕೇಳಿಸಿತು. ಪರದೆ ಸರಿಸಿದರೆ ಮನೆಗಳ ನಡುವಿನ ಹುಲ್ಲಿನಲ್ಲಿ ತಾಯಿಯೊಂದು ಮುಂದೆ, ಮೂರು ಮರಿಗಳು ಹಿಂದೆ. ಕೊನೆಯ ಮರಿ ನಮ್ಮ ಮೆಟ್ಟಿಲ ಬಳಿ ನಿಂತು, ಮೂಸಿ, ಏನೂ ಇಲ್ಲವೆಂದು ಕಂಡು ಓಡಿತು. ಏನೂ ಇರಲಿಲ್ಲವೆಂಬುದೇ ಅಂದು ನಮ್ಮ ಪುಣ್ಯ. ಇದ್ದಿದ್ದರೆ ಆ ಮರಿ ನಾಳೆಯೂ ಬರುತ್ತಿತ್ತು.

ಹೊರಡುವ ದಿನ ಗಂಟುಮೂಟೆಗಳೊಡನೆ ದಂಡೆಗೆ ಬಂದರೆ ವಿಮಾನ ಸಿದ್ಧವಾಗಿತ್ತು, ಚಾಲಕನೂ ಸಿದ್ಧನಿದ್ದನು. ಆದರೆ ವಿಮಾನಕ್ಕೂ ನಮಗೂ ನಡುವೆ ಮರಳಿನ ಮೇಲೆ ಎಳೆಯ ಕರಡಿಯೊಂದು ಕಾಲು ಚಾಚಿ ಮಲಗಿತ್ತು. ಯಾರೂ ಅದನ್ನು ಎಬ್ಬಿಸಲಿಲ್ಲ, ಗದರಲಿಲ್ಲ. ರೇಂಜರ್ ನಮ್ಮನ್ನು ಹಿಂದಕ್ಕೆ ಕರೆದು ಕಟ್ಟೆಯ ಮೇಲೆ ಕೂರಿಸಿದಳು. ಮುಂದಿನ ವಿಮಾನ ತಪ್ಪೀತೆಂದು ಅಳಿಯಂದಿರು ಗಡಿಯಾರ ನೋಡುತ್ತಿದ್ದರು. ಆಹಾರದ ಮನೆಯಿಂದ ಮರಳಿ ಬಂದ ರೊಟ್ಟಿಯ ಗಂಟು ನಮ್ಮ ಮನೆಯವರ ತೊಡೆಯ ಮೇಲಿತ್ತು, ಹಸಿವಾಗಿದ್ದರೂ ಬಿಚ್ಚುವಂತಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಕರಡಿ ತಾನಾಗಿ ಎದ್ದು, ಮೈ ಕೊಡವಿ, ನೀರಿನಂಚಿನಲ್ಲಿಯೇ ನಡೆದುಹೋಯಿತು. ಗಂಟು ಬಿಚ್ಚಿದ್ದು ಕಿಂಗ್ ಸಾಮನ್ನಿನಲ್ಲಿ.